ಸಾಲಿನ ಕೊನೆಯ ಹೆಸರು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಐದೂವರೆ. ಟೈರು ಸುಟ್ಟ ಹೊಗೆಯಿಂದಾಗಿ ಬೆಳಕು ಹರಿದದ್ದೇ ಗೊತ್ತಾಗುತ್ತಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಪಟಪಟನೆ ಅರಳುತ್ತಿದೆ. ಜರಡಿ ಹಿಡಿದ ಇಪ್ಪತ್ಮೂರರ ಕೊಟ್ಟೂರೇಶ್ ಆ ಸದ್ದಿಗೆ ಸರಿಯಾಗಿ ತುಟಿ ಆಡಿಸುತ್ತಿದ್ದಾನೆ, ಧ್ವನಿ ಇಲ್ಲ. ಎದುರಿಗೆ ಚೀಲದ ಮೇಲೆ ಕುಳಿತ ಅಪ್ಪ ಹಾಲೇಶಪ್ಪ ಆ ತುಟಿಗಳನ್ನೇ ದಿಟ್ಟಿಸುತ್ತಾ ಥಟ್ಟನೆ ಕೈ ಎತ್ತುತ್ತಾರೆ. ಎಲ್ಲೋ ತಪ್ಪಿದೆ. ಮಗ ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

ಇದು ರ್‍ಯಾಪ್, ತಾಳಕ್ಕೆ ಮಾತನ್ನೇ ಸುರಿಯುವ ಹಾಡು. ನಮ್ಮೂರಿನಲ್ಲಿ ಇಂಥವನೊಬ್ಬ ಇದ್ದಾನೆಂದು ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ, ನಾಚಿಕೆಯಾಗುತ್ತದೆ. ನಾಲ್ಕು ವರ್ಷದ ಹಿಂದೆ ಹರಿಹರದ ಅಂಗಡಿಯವನೊಬ್ಬ ಇವನಿಗೆ ಭಕ್ತಿಗೀತೆಯ ಬದಲು ಇಂಗ್ಲಿಷಿನ ಕ್ಯಾಸೆಟ್ ಕೊಟ್ಟುಬಿಟ್ಟ. ಹುಚ್ಚು ಹತ್ತಿದ್ದು ಅಲ್ಲಿಂದ.

"ಒಂದಕ್ಷರ ತಿಳೀಲಿಲ್ರಿ. ಬೈಯಾಕತ್ತಾರೆ ಅಂತ ಮಾತ್ರ ಗೊತ್ತಾತು. ನಮಗೂ ಬೈಯೋದು ಬಾಳ ಇತ್ತು" ಎನ್ನುತ್ತಾನೆ ಕೊಟ್ಟೂರೇಶ್.

ಅಪ್ಪ ಇಪ್ಪತ್ತಾರು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಆ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ, ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರು. ಕಿವಿ ಅಲ್ಲೇ ಹೋಯಿತು. ತೊಂಬತ್ನಾಲ್ಕರಲ್ಲಿ ಗೇಟಿಗೆ ಬೀಗ ಬಿತ್ತು. ಈ ಐದು ವರ್ಷದಲ್ಲಿ ಜೊತೆಗಾರರಲ್ಲಿ ಹನ್ನೊಂದು ಜನ ತೀರಿಕೊಂಡಿದ್ದಾರೆ.

ಕಳೆದ ಗಣೇಶನ ಹಬ್ಬಕ್ಕೆ ಹರಿಹರದ ಆರ್ಕೆಸ್ಟ್ರಾದವರು ಕೊಟ್ಟೂರೇಶನಿಗೆ ಐದು ನಿಮಿಷ ಕೊಟ್ಟರು. ಎರಡನೇ ನಿಮಿಷಕ್ಕೆ ಯಾರೋ ಮೈಕಿನ ವೈರು ಕಿತ್ತರು. "ಹಾಡು ಅಂದ್ರೆ ಜಗಳ ಆಡ್ತೀಯಲ್ಲೋ ಅಂದ್ರು" ಎಂದು ನಗುತ್ತಾನೆ. ಆ ನಗು ನೋಡಲು ಸಂಕಟವಾಗುತ್ತದೆ. ಮತ್ತೆ ಅವನು ವೇದಿಕೆ ಹತ್ತಿಲ್ಲ. ಭಟ್ಟಿಯ ಒಡತಿ ಹಜೀರಾಬೀ ಮಾತ್ರ "ಹಾಡ್ಕೋ ಬೇಟಾ, ಕೈ ನಿಲ್ಲಬಾರ್ದು ಅಷ್ಟೇ" ಎಂದು ಬಿಟ್ಟಿದ್ದಾರೆ. ದಿನಕ್ಕೆ ಹನ್ನೆರಡು ಚೀಲ ಹುರಿಯಬೇಕು.

ಈಗಿನ ಹಾಡು ಅಪ್ಪನ ಮಿಲ್ಲಿನ ಜೊತೆಗಾರರ ಹೆಸರುಗಳದ್ದು. "ಬಾಗ್ಲ ಬದಿ ಬೊಮ್ಮಣ್ಣ, ಅವನ ಬೆನ್ನಿಗೆ ಮೈಲಪ್ಪ, ನೂಲು ಹರಿದ್ರೆ ಉಸಿರು ಹಿಡಿಯೋ ಎರ್ರಿಸ್ವಾಮಿ..." ಮಗ್ಗದ ಮುಂದೆ ನಿಂತಿದ್ದ ಕ್ರಮದಲ್ಲೇ ಎಲ್ಲರೂ ಬರಬೇಕು. ಆ ಕ್ರಮ ಪೂರ್ತಿ ನೆನಪಿರುವುದು ಹಾಲೇಶಪ್ಪನವರೊಬ್ಬರಿಗೇ.

"ಸುಮ್ನೆ ಹೆಸ್ರು ಹೇಳು ಅಂದ್ರೆ ಗೊಂದ್ಲ ಆಗ್ತೈತೆ" ಎಂದು ಅವರು ಕಿವುಡರ ದೊಡ್ಡ ದನಿಯಲ್ಲಿ ಹೇಳುತ್ತಾರೆ. "ಇವ್ನ ತುಟಿ ಹಿಂದೆ ಹೋದ್ರೆ ಒಬ್ಬೊಬ್ರೇ ನಿಂತಿರೋದು ಕಾಣ್ತದೆ. ಮೂವತ್ತೊಂಬತ್ತು ಜನ ಇದ್ರು."

ಈವರೆಗೆ ಹಾಡಿನಲ್ಲಿ ಮೂವತ್ತೊಂದು ಹೆಸರು ಕೂತಿವೆ. ಆದರೆ ಸಕ್ಕರೆ ಕಾಯಿಲೆಗೆ ಅವರ ಬಲಗಣ್ಣು ಹೋಗಿದೆ, ಎಡಗಣ್ಣೂ ಈ ವರ್ಷ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ. ಕಣ್ಣು ಹೋದರೆ ಈ ಹಾಡಿಗೆ ಇರುವ ಒಬ್ಬ ಕೇಳುಗನೂ ಇಲ್ಲ.

ಹಾಗಾದರೆ ಇನ್ನು ಎಂಟೇ ಹೆಸರಲ್ಲವೇ ಎಂದೆ. ಕೊಟ್ಟೂರೇಶ್ ಅಪ್ಪನಿಗೆ ತುಟಿ ಕಾಣದಂತೆ ಗೋಡೆಯತ್ತ ಮುಖ ತಿರುಗಿಸಿದ.

"ಒಂಬತ್ರಿ. ನಮ್ಮಪ್ಪ ತನ್ನನ್ನ ಲೆಕ್ಕಕ್ಕೆ ಹಿಡಿಯಂಗಿಲ್ಲ. ಗ್ವಾಡೆ ಕಡೆ ಕೊನೇ ಜಾಗ ಅವ್ರದು. ಅಲ್ಲಿಗೆ ಮುಟ್ಟೋತನಕ ಆ ಒಂದು ಕಣ್ಣು ಇರ್ಲಿ, ಸಾಕು."