ಸಾವಿನ ಮನೆಯ ಸಹಿ

ಮೂಡಲಗಿ ಕಡೆಯ ಆ ಸಣ್ಣ ಊರಿನ ಪುರಸಭೆಯಲ್ಲಿ ಸದಸ್ಯರು ಮೈಕು ಕಿತ್ತುಕೊಳ್ಳಲಿ, ಮೇಜು ಗುದ್ದಲಿ, ಅದಕ್ಕೂ ಮೊದಲು ಸಿಪಾಯಿ ಸಿದ್ರಾಯ ಸೈಕಲ್ ತುಳಿದು ಅವರ ಮನೆಮನೆಗೆ ಹೋಗಿ, ಸಭೆಯ ನೋಟಿಸು ಕೊಟ್ಟು, ವಹಿಯಲ್ಲಿ ಸಹಿ ಹಾಕಿಸಿಕೊಂಡು ಬಂದಿರಬೇಕು. ಇಪ್ಪತ್ತೇಳು ವರ್ಷದಿಂದ ಅದೇ ಕೆಲಸ. ಯಾವ ಸದಸ್ಯರ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೂ ಅವನಿಗೆ ಗೊತ್ತು.

ಅವನದೊಂದು ನೇಮವಿತ್ತು. ಸಾವಾದ ಮನೆಗೆ ಮೂರು ದಿನ ಸರಕಾರಿ ಕಾಗದ ಒಯ್ಯುತ್ತಿರಲಿಲ್ಲ. ಅತ್ತು ಬಾತ ಕಣ್ಣಿನ ಮುಂದೆ ಪೆನ್ನು ಹಿಡಿಯುವುದಾದರೂ ಹೇಗೆ ಅಂತ ಅವನ ಅವ್ವ ಶೆಟ್ಟೆವ್ವ ಕಲಿಸಿದ್ದಳು. ಆಮೇಲೆ ಹೋದರೆ ಸದಸ್ಯರು ಹಿಂದಿನ ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ಕಾಯ್ದೆಗೆ ಇದು ಸರಿಯಲ್ಲ, ಒಪ್ಪೋಣ. ಆದರೆ ಆ ಊರಲ್ಲಿ ಇಷ್ಟು ವರ್ಷ ಯಾರೂ ಅದನ್ನು ತಪ್ಪೆಂದಿರಲಿಲ್ಲ.

ಆ ಸಲದ ಸಭೆ ಸಿದ್ರಾಯನ ಮನೆಯ ಸಲುವಾಗಿಯೇ ಇತ್ತು ಅನ್ನಬೇಕು. ಅವನ ಮನೆಯ ಮುಂದೆ ಎದೆಮಟ್ಟದ ತೆರೆದ ಗಟಾರ. ಹೆಂಡತಿ ಕಸ್ತೂರಿಗೆ ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕು. ಗಟಾರದ ಮೇಲೆ ಫರಸಿ ಕಲ್ಲು ಹಾಕಿಸಲು ನಾಲ್ಕು ವರ್ಷದಿಂದ ಅರ್ಜಿ ಕೊಟ್ಟೂ ಕೊಟ್ಟೂ ಸಿದ್ರಾಯ ಸೋತಿದ್ದ. ಈಗ ಕಲ್ಲು ಬಂದಿತ್ತು, ಒಂದೇ ಓಣಿಗೆ ಸಾಲುವಷ್ಟು.

"ಈ ಸಲಾನರ ಆಗ್ತೈತೇನ್ರಿ?" ಕಸ್ತೂರಿ ಕೇಳಿದಳು.

"ಆಗ್ತೈತಿ ತಗಿ. ನೋಟಿಸಿನ್ಯಾಗ ನಾಕನೇ ವಿಷಯ. ನಾನ ಓದೇನಿ."

ಸದಸ್ಯ ಉದ್ದಪ್ಪನ ಮನೆಗೆ ನೋಟಿಸು ಒಯ್ದ ದಿನ ಅಂಗಳದಲ್ಲಿ ಜನ ಸೇರಿತ್ತು. ಅವನ ತಾಯಿ ಬೆಳಗ್ಗೆ ತೀರಿಕೊಂಡಿದ್ದಳು. ಸಿದ್ರಾಯ ವಹಿಯನ್ನು ಅಂಗಿಯೊಳಗೆ ತುರುಕಿ, ಕೈಮುಗಿದು, ಮಣ್ಣಿಗೂ ಹೋಗಿ ಬಂದ.

ಮೂರನೆಯ ದಿನವೇ ಸಭೆ ನಡೆಯಿತು. ಸೂತಕದಲ್ಲಿದ್ದ ಉದ್ದಪ್ಪ ಬರಲಿಲ್ಲ. ಕಲ್ಲು ಬಜಾರಕ್ಕೆ ಬೇಕೆಂದು ಉದ್ದಪ್ಪನ ಕಡೆಯವರು, ಸಿದ್ರಾಯನ ಓಣಿಗೇ ಬೇಕೆಂದು ಇನ್ನೊಬ್ಬ ಸದಸ್ಯ ರಾಚಪ್ಪನ ಕಡೆಯವರು. ಅಬ್ಬಬ್ಬಾ, ಏನು ಕೂಗಾಟ! ಕೊನೆಗೆ ರಾಚಪ್ಪನ ಠರಾವು ಒಂದೇ ಮತದಿಂದ ಪಾಸಾಯಿತು. ಸಿದ್ರಾಯ ಆ ಸಂಜೆ ಮನೆಗೆ ಜಿಲೇಬಿ ಒಯ್ದ.

ಸಿದ್ರಾಯ ಹಿಂದಿನ ತಾರೀಖಿನ ಸಹಿಗೆ ಹೋಗುವ ಮೊದಲೇ ಉದ್ದಪ್ಪ ಮೇಲಿನ ಆಫೀಸಿಗೆ ತಕರಾರು ಹಾಕಿದ. ತನಗೆ ನೋಟಿಸೇ ಬಂದಿಲ್ಲ, ಬೇಕಾದರೆ ವಹಿ ನೋಡಿ ಅಂದ. ವಹಿಯಲ್ಲಿ ಅವನ ಹೆಸರಿನ ಮುಂದೆ ಜಾಗ ಖಾಲಿ. ಠರಾವು ರದ್ದಾಯಿತು. ಕಲ್ಲುಗಳು ಪುರಸಭೆಯ ಹಿಂದೆ ಹಾಗೇ ಬಿದ್ದವು.

ಸಿದ್ರಾಯ ಓಡಿದ. "ಸಾವಕಾರ್ರ, ಅವ್ವಾರು ಹೋಗಿದ್ದಕ್ಕ ಸಹಿ ಕೇಳಲಿಲ್ರಿ ನಾ."

"ಗೊತ್ತೈತೊ ಸಿದ್ರಾಯ," ಉದ್ದಪ್ಪ ಬೆನ್ನು ತಟ್ಟಿದ. "ನಿನ್ನ ಮ್ಯಾಲ ನನಗೇನ ಸಿಟ್ಟಿಲ್ಲ. ರಾಚಪ್ಪನ ಠರಾವು ಬೀಳಬೇಕಿತ್ತು, ಬಿತ್ತು."

ಎಂಥ ಮನುಷ್ಯ ನೋಡಿ! ಹೆತ್ತ ತಾಯಿಯ ಸಾವೂ ಅವನಿಗೆ ರಾಜಕೀಯಕ್ಕೆ ಬಂತು.

ಮುಂದಿನ ಸಭೆ ಮೂರು ತಿಂಗಳಾದರೂ ಸೇರಲಿಲ್ಲ. ಅಷ್ಟರಲ್ಲಿ ಮಳೆಗಾಲ ಬಂತು. ಒಂದು ಮುಂಜಾನೆ ಗಟಾರ ತುಂಬಿ ಹರಿದು, ರಸ್ತೆ ಯಾವುದು ಗಟಾರ ಯಾವುದು ತಿಳಿಯದಂತಾಯಿತು. ನಳಕ್ಕೆ ಕೊಡ ಹಿಡಿದು ಹೊರಟ ಕಸ್ತೂರಿ ರಸ್ತೆಯೆಂದು ನೀರಿನ ಮೇಲೆ ಕಾಲಿಟ್ಟು ಗಟಾರಕ್ಕೆ ಬಿದ್ದಳು. ಓಣಿಯವರು ಎತ್ತಿದಾಗ ತಲೆಯಿಂದ ರಕ್ತ ಸುರಿಯುತ್ತಿತ್ತು. ಗೋಕಾಕಕ್ಕೆ ಒಯ್ದರು. ಎರಡನೆಯ ದಿನ ಅವಳು ಹೋಗಿಬಿಟ್ಟಳು.

ಮಣ್ಣು ಕೊಟ್ಟು ಬಂದ ಸಿದ್ರಾಯ ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ತಾನೇ ಕೊಂದೆ ಅನ್ನುವ ಒಂದೇ ಮಾತು ಎದೆಯಲ್ಲಿ ಕುದಿಯುತ್ತಿತ್ತು. ಆ ದಿನ ಅಂಗಿಯೊಳಗಿನ ವಹಿ ಹೊರತೆಗೆದಿದ್ದರೆ ಇವತ್ತು ಅವಳು ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು.

ಮರುದಿನ ಪುರಸಭೆಯ ಕ್ಲಾರ್ಕ್ ಅಶೋಕ ಬಂದ. ಪಕ್ಕದಲ್ಲಿ ಕೂತು ಏನೇನೋ ಸಮಾಧಾನ ಹೇಳಿದ. ಕೈ ಮಾತ್ರ ಮತ್ತೆ ಮತ್ತೆ ಬ್ಯಾಗಿನ ಕಡೆ ಹೋಗುತ್ತಿತ್ತು. ಕೊನೆಗೆ ಏನೂ ತೆಗೆಯದೆ ಎದ್ದು ಹೊರಟ. ಸಿದ್ರಾಯನಿಗೆ ಆ ನಡಿಗೆ ಗುರುತು ಸಿಕ್ಕಿತು. ಉದ್ದಪ್ಪನ ಅಂಗಳದಿಂದ ತಾನೂ ಹಾಗೇ ಹಿಂದಿರುಗಿದ್ದ.

"ಅಶೋಕ ಸಾಹೇಬ್ರ, ಬ್ಯಾಗಿನ್ಯಾಗ ಏನೈತ್ರಿ?"

"ಏನಿಲ್ಲ ಸಿದ್ರಾಯಣ್ಣ. ಆಮ್ಯಾಲ ನೋಡೂಣು."

"ನನ್ನ ಹೆಸರಿಂದ ಹೌದಿಲ್ರಿ?"

ಅಶೋಕ ಹೌದೆಂದ. ಉದ್ದಪ್ಪನಿಗೆ ಸಭೆಯ ನೋಟಿಸು ಏಕೆ ಜಾರಿ ಮಾಡಲಿಲ್ಲವೆಂದು ಸಿದ್ರಾಯನಿಗೆ ಕಾರಣ ಕೇಳಿದ ನೋಟಿಸದು. "ಇದನ್ನ ಮುಟ್ಟಸಾಕ ಇವತ್ತ ಕಡೀ ದಿನ ಐತಣ್ಣ. ಆದರ ಇಂಥಾ ಹೊತ್ತಿನ್ಯಾಗ ನಾ ಹೆಂಗ ಕೇಳ್ಲಿ?"

"ಕೊಡ್ರಿ ಇಲ್ಲೆ." ಸಿದ್ರಾಯ ಕೈ ಚಾಚಿದ. "ಸಾವಿನ ಮನ್ಯಾಗ ಸಹಿ ಕೇಳ್ರಿ ಸಾಹೇಬ್ರ. ಕೇಳದ ಹೋದ್ರ ಇನ್ನೊಂದು ಮನಿ ಸಾವು ನೋಡ್ತೈತ್ರಿ."

ಸಹಿ ಮಾಡಿದ. ತಾರೀಖು ಆ ದಿನದ್ದೇ ಹಾಕಿದ. ಆಮೇಲೆ ಕಾಗದವನ್ನು ಹಿಂದೆ ಕೊಟ್ಟು, ಮುಖ ಮುಚ್ಚಿಕೊಂಡು ಅತ್ತ.