ಚೀಲ ಬಿಟ್ಟು ಕೆಂಗೇರಿಗೆ

ಜನ ಹಿಮಾಲಯಕ್ಕೆ ಹೋಗಿ ಬಂದು ಪ್ರವಾಸ ಕಥನ ಬರೆಯುತ್ತಾರೆ. ನಾನು ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೊರಟ ಕಥೆ ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಹತ್ತು ಕಿಲೋಮೀಟರಿನ ಆಸುಪಾಸು, ಒಂಬತ್ತನೆಯ ನಿಲ್ದಾಣ, ಅರ್ಧ ಗಂಟೆಯೂ ಬೇಡ. ಆ ಭಾನುವಾರ ಮಾತ್ರ ಅದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ನನ್ನ ಜೊತೆಗಾತಿ ಮರ್ಜಿಯಾ, ಹದಿನಾರು ವರ್ಷದವಳು. ಕಾಬೂಲ್ ಬಿಟ್ಟು ಬಂದು ನಾಲ್ಕು ವರ್ಷವಾಯಿತು; ವಿಜಯನಗರದಲ್ಲಿ ಅಮ್ಮನೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ನಾನು ಬಸವೇಶ್ವರನಗರದ ನಿವೃತ್ತ ಕನ್ನಡ ಮೇಡಂ. ವಾರಕ್ಕೆರಡು ಸಂಜೆ ಪಾಠ ಹೇಳಲು ಹೋಗಿ ಹೋಗಿ ಆ ಮನೆಯವಳೇ ಆಗಿಬಿಟ್ಟಿದ್ದೇನೆ. ಅಲ್ಲಿ, ಅವರೂರಿನಲ್ಲಿ, ಒಂದು ದಿನ ಊಟಕ್ಕೆಂದು ಚಿಕ್ಕಮ್ಮನ ಮನೆಗೆ ಹೋದ ತಾಯಿ ಮಗಳು ತಮ್ಮ ಮನೆಗೆ ಮರಳಲೇ ಇಲ್ಲ. ಮನೆ ಮುಂದೆ ಬಂದೂಕು ಹಿಡಿದವರು ನಿಂತಿದ್ದಾರೆ, ಬರಬೇಡಿ ಎಂದು ನೆರೆಯವರು ಫೋನ್ ಮಾಡಿದರಂತೆ. ಅಂದಿನಿಂದ ಹಾಲು ತರಲು ಹೊರಟರೂ ಮರ್ಜಿಯಾಳ ಚೀಲ ಹೆಗಲ ಮೇಲಿರಬೇಕು: ಕಾಗದಪತ್ರ, ಒಂದು ಜೊತೆ ಬಟ್ಟೆ, ಒಣಗಿದ ರೊಟ್ಟಿ. ಹುಡುಗಿಗೆ ನಿದ್ದೆ ಹಾರಿತು, ತರಗತಿಯಲ್ಲಿ ಕೂತರೆ ಉಸಿರು ಕಟ್ಟತೊಡಗಿತು, ಕಡೆಗೆ ಇಲ್ಲಿನ ಶಾಲೆಯೂ ನಿಂತಿತು. ಅವಳ ಆಪ್ತಸಮಾಲೋಚಕಿ ಒಂದು ಕೆಲಸ ಕೊಟ್ಟರು: ಗುರುತಿನ ಕಾರ್ಡು ಜೇಬಿನಲ್ಲಿರಲಿ, ಚೀಲ ಮನೆಯಲ್ಲಿರಲಿ, ಕೆಂಗೇರಿ ತನಕ ಹೋಗಿ ಬಾ. ಇದೊಂದಾದರೆ ಸೋಮವಾರದಿಂದ ಶಾಲೆಗೆ ಹೋಗುತ್ತೇನೆಂದು ಮರ್ಜಿಯಾ ತಾನಾಗಿಯೇ ಹೇಳಿದ್ದಳು.

ಮೂರು ಗಂಟೆಗೆ ಹೊರಟೆವು. ಮೋಡ ಮುಚ್ಚಿತ್ತು, ಹಿತವಾದ ಗಾಳಿಯಿತ್ತು. ಮರ್ಜಿಯಾ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವಳಮ್ಮ ಕಾಗದಗಳ ಫೈಲನ್ನು ಗುಟ್ಟಾಗಿ ನನ್ನ ಬ್ಯಾಗಿಗೆ ತುರುಕಿದರು. ಬೇಡ ಅನ್ನಬೇಕಿತ್ತು. ಆ ತಾಯಿಯ ಮುಖ ನೋಡಿ ಬ್ಯಾಗಿನ ಜಿಪ್ ಎಳೆದುಕೊಂಡೆ.

ಬಸ್ಸಿಗಿಂತ ದುಬಾರಿ ಎಂದು ಗೊಣಗುತ್ತಲೇ ಟಿಕೆಟ್ ತೆಗೆದೆ. ತಪಾಸಣೆ ಯಂತ್ರದ ಮುಂದೆ ಮರ್ಜಿಯಾ ಅಭ್ಯಾಸಬಲದಿಂದ ಹೆಗಲಿಗೆ ಕೈಹಾಕಿ, ಅಲ್ಲೇನೂ ಇಲ್ಲವೆಂದು ನೆನಪಾಗಿ, ನನ್ನತ್ತ ತಿರುಗಿ ನಕ್ಕಳು. ಅಯ್ಯೋ ನನ್ನ ಬಂಗಾರ, ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು. ರೈಲಿನಲ್ಲಿ ಬಾಗಿಲ ಬಳಿ ನಿಂತು ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ ನೋಡುತ್ತಾ, ನಿಲ್ದಾಣದ ಬೋರ್ಡುಗಳನ್ನು ನನಗಿಂತ ಮುಂಚೆ ಓದಿ ಹೇಳುತ್ತಿದ್ದಳು.

ನಾಯಂಡಹಳ್ಳಿಯಲ್ಲಿ ಇಬ್ಬರು ಪೊಲೀಸರು ಹತ್ತಿದರು. ಪಾಪ, ಡ್ಯೂಟಿ ಮುಗಿಸಿ ಹೊರಟವರಿರಬೇಕು, ಮನೆಯ ಸಾರಿನ ವಿಷಯ ಮಾತಾಡುತ್ತಿದ್ದರು. ಮರ್ಜಿಯಾ ನನ್ನ ಕೈ ಹಿಡಿದುಕೊಂಡಳು. ಅವಳ ಉಸಿರು ಜೋರಾಯಿತು. ನನಗೆ ತಡೆಯಲಾಗಲಿಲ್ಲ. ಬ್ಯಾಗಿನಿಂದ ಫೈಲ್ ತೆಗೆದು, ಹೆದರಬೇಡ, ಎಲ್ಲ ಇಲ್ಲೇ ಇದೆ ಎಂದುಬಿಟ್ಟೆ.

ಅವಳು ಫೈಲ್ ನೋಡಿದಳು, ನನ್ನನ್ನು ನೋಡಿದಳು. ಪೊಲೀಸರನ್ನು ಮರೆತೇಬಿಟ್ಟಳು.

"ನನ್ನ ಕೈಲಿ ಆಗಲ್ಲ ಅಂತ ನಿಮಗೂ ಅನ್ನಿಸ್ತಾ ಮಿಸ್?"

ಜ್ಞಾನಭಾರತಿಯಲ್ಲಿ ಸರಕ್ಕನೆ ಇಳಿದಳು. ಹಿಂದೆ ಹಿಂದೆ ನಾನೂ ಇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹದಿನಾರರ ಹುಡುಗಿಯ ಹತ್ತಿರ ತಪ್ಪಾಯಿತು ಎಂದೆ. ಅವಳಮ್ಮನ ಹೆದರಿಕೆಗಿಂತ ನನ್ನ ಹೆದರಿಕೆಯೇ ದೊಡ್ಡದಿತ್ತು ಎಂದೂ ಒಪ್ಪಿಕೊಂಡೆ. ಎದುರಿಗೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮರಗಳು ಕಾಣುತ್ತಿದ್ದವು. ಮೂರು ರೈಲು ಬಂದು ಹೋದವು. ಅಷ್ಟರಲ್ಲಿ ಅವಳ ಉಸಿರು ತಾನಾಗಿ ಹದಕ್ಕೆ ಬಂದಿತ್ತು.

"ಇದು ಲೆಕ್ಕಕ್ಕಿಲ್ಲ," ಎಂದಳು. "ವಾಪಸ್ ಹೋಗೋಣ. ಮೊದಲಿಂದ ಹೋಗ್ತೀನಿ, ಒಬ್ಬಳೇ. ನೀವು ಅಮ್ಮನ ಹತ್ರ ಕೂತಿರಿ."

ಹೊಸ ಟಿಕೆಟ್ ತೆಗೆದು ವಿಜಯನಗರಕ್ಕೆ ಮರಳಿದೆವು. ಅವಳು ನನ್ನನ್ನು ಗೇಟಿನಾಚೆ ಬಿಟ್ಟು, ಕೈಬೀಸಿಕೊಂಡು ಮತ್ತೆ ಮೆಟ್ಟಿಲು ಹತ್ತಿದಳು. ಹಿಂದಿರುಗಿ ನೋಡಲಿಲ್ಲ. ನಾನಂತೂ ಕಾಣುವಷ್ಟು ಹೊತ್ತೂ ನೋಡಿದೆ.

ಮನೆಯಲ್ಲಿ ಅವಳಮ್ಮ ಎಲ್ಲ ಕೇಳಿಸಿಕೊಂಡು ಚಹಾ ಮಾಡಿದರು. ಇಬ್ಬರೂ ಕುಡಿಯಲಿಲ್ಲ. ಅವರು ಬಾಗಿಲಿಗೂ ಒಳಕ್ಕೂ ಓಡಾಡಿದರು, ನಾನು ಗೋಡೆ ಗಡಿಯಾರ ನೋಡಿದೆ. ಐದೂವರೆಗೆ ನನ್ನ ಫೋನ್ ಬಡಿದುಕೊಂಡಿತು. ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಮಿಸ್, ಕೆಂಗೇರೀಲಿದೀನಿ. ಇಲ್ಲಿ ಬಿಸಿ ಬಜ್ಜಿ ಹಾಕ್ತಾ ಇದಾರೆ. ಮನೆಗೆ ಎಷ್ಟು ತರಲಿ?"

ಬಿಡಿಸಿ ಹೇಳೋಣವೆಂದು ಅವಳಮ್ಮನತ್ತ ತಿರುಗಿದೆ. ಅವರಿಗೆ ಬರುವ ಕನ್ನಡ ಅಷ್ಟಕ್ಕಷ್ಟೇ. ಆದರೂ ಅವರು ಆಗಲೇ ಒಳಗಿನಿಂದ ಮೂರು ತಟ್ಟೆ ತಂದು ಇಡುತ್ತಿದ್ದರು.