ಚಕ್ರವರ್ತಿಯ ನಾಲ್ಕು ಗಾಲಿ

ಕೋಟೆ ಗೆದ್ದು ಬಿರುದು ಪಡೆದವರು ಬೇಕಾದಷ್ಟು ಜನ. ಹೆಣದ ಗಾಡಿಗಳ ಶೆಡ್ಡಿನಲ್ಲಿ ತೊಳೆಯುವ ಕೆಲಸದವನೊಬ್ಬ ಬರೀ ಗಾಲಿ ತಿಕ್ಕಿ ಚಕ್ರವರ್ತಿಯಾಗಿದ್ದ. ಬಿರುದು ಕೊಟ್ಟವರು ಚಾಲಕರು. ಒಮ್ಮೆ ಹಿಂದಿನ ಎಡಗಾಲಿಯ ಗೂಡಿನಲ್ಲಿ ಅಂಗೈಯಗಲ ಡಾಂಬರು ಕಂಡು, ಭಾರಿ ವ್ಯಾಪಾರಿಯೊಬ್ಬರ ಕೊನೆಯ ಪ್ರಯಾಣವನ್ನೇ ಮುಕ್ಕಾಲು ಗಂಟೆ ತಡೆದಿದ್ದನಂತೆ. ಮಕ್ಕಳು ಕೂಗಾಡಿದರು. ವ್ಯಾಪಾರಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಈ ಹುಚ್ಚು ಯಾಕೆ ಎಂಬುದಕ್ಕೆ ಪುರಾಣಗಳೇ ಹುಟ್ಟಿದವು. ಯಾವುದೋ ಹೆಣ ಕನಸಿಗೆ ಬಂದು, ಕೆಸರು ತೋರಿಸಿ ಬೈದಿತ್ತೆಂದು ಒಬ್ಬ ಚಾಲಕ ಹೇಳಿದ. ಅಳುವವರು ತಲೆ ತಗ್ಗಿಸಿರುತ್ತಾರೆ, ಅವರಿಗೆ ಕಾಣುವುದು ಗಾಲಿಯೊಂದೇ ಎಂದು ಮ್ಯಾನೇಜರು ವ್ಯಾಖ್ಯಾನ ಮಾಡಿದರು. ಚಕ್ರವರ್ತಿ ಎರಡಕ್ಕೂ ಹೂಂಗುಟ್ಟಿದ.

ಅವನ ಸಾಮ್ರಾಜ್ಯ ಒಂದೇ ಕೋಣೆ, ನಾಲ್ಕು ರಸ್ತೆ ಕೂಡುವ ಕಡೆ, ಮಹಡಿಯ ಮೇಲೆ. ಹನ್ನೊಂದು ತಿಂಗಳಿಂದ ಹೆಂಡತಿ ಅಲ್ಲಿ ಕಿಟಕಿಯ ಪಕ್ಕ ಮಲಗಿದಲ್ಲೇ ಕರಗುತ್ತಿದ್ದಳು. ಕೆಳಗೆ ಯಾವ ಬ್ರೇಕು ಕಿರ್ರೆಂದರೂ ಬೆಚ್ಚಿ ಕಣ್ಣು ಬಿಡುತ್ತಿದ್ದಳು.

“ಬಂತೇನ್ರೀ ನಿಮ್ಮ ಗಾಡಿ?”

“ನಮ್ಮ ಗಾಡಿ ಕೂಗಲ್ಲ ಕಣೇ. ಬಂದ್ರೂ ನಿಂಗೆ ಗೊತ್ತಾಗಲ್ಲ. ಮಲಗು.”

“ಆಹಾ, ಏನು ಸಮಾಧಾನ ಹೇಳ್ತೀರಿ!” ಎಂದು ನಗುತ್ತಿದ್ದಳು. ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಒಂದು ಮುಂಜಾನೆ ಕೆಮ್ಮೂ ನಿಂತಿತು.

ಸುಡುಗಾಡಿನಲ್ಲಿ ಹನ್ನೊಂದು ಗಂಟೆಯ ಸರದಿ ಸಿಕ್ಕಿತು, ತಪ್ಪಿದರೆ ಮಾರನೆಯ ದಿನವೇ. ಶೆಡ್ಡಿನಲ್ಲಿ ಉಳಿದಿದ್ದದ್ದು ಒಂದೇ ಗಾಡಿ, ಹಿಂದಿನ ದಿನ ಕೆಸರು ಹಾದಿ ತುಳಿದು ಬಂದದ್ದು. ಚಕ್ರವರ್ತಿ ಅದನ್ನು ಅಂಗಳಕ್ಕೆ ತೆಗೆದು ಬ್ರೇಕು ತುಳಿದ. ಕುತ್ತಿಗೆ ಹಿಸುಕಿದಂತೆ ಕಿರುಚಿತು. ಇಳಿದು ಜಾಕ್ ಹಾಕಿದ.

ಒಂಬತ್ತೂವರೆಗೆ ಹೆಂಡತಿಯ ತಮ್ಮ ಏದುಸಿರು ಬಿಡುತ್ತಾ ಬಂದ. ಗಾಲಿಗಳು ಗೋಡೆಗೆ ಒರಗಿದ್ದವು. ಭಾವ ಗಾಲಿಯ ಗೂಡಿನೊಳಗೆ ತಲೆ ತೂರಿಸಿ, ಬ್ರೇಕಿನ ಬಿಲ್ಲೆಯನ್ನು ಕಚ್ಚಿ ಹಿಡಿಯುವ ಕ್ಯಾಲಿಪರಿನ ಸಂದಿಯಿಂದ ಕರಿ ಹಿಟ್ಟಿನಂಥ ಧೂಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆದಕುತ್ತಿದ್ದ.

“ಭಾವ, ತಲೆ ನೆಟ್ಟಗಿದೆಯಾ? ಅಕ್ಕ ಅಲ್ಲಿ ಮಲಗಿದಾಳೆ, ನೀವಿಲ್ಲಿ ಗಾಡಿಗೆ ಹಲ್ಲುಜ್ತಾ ಕೂತಿದೀರಿ!”

“ಇನ್ನೊಂದೇ ಗಾಲಿ.”

“ಆ ಬ್ರಷ್ಷು... ಅಕ್ಕಂದಲ್ವಾ?”

“ನನ್ನದು ಸವೆದು ಹೋಗಿತ್ತು.”

ಭಾವಮೈದುನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೀರಿನ ಪೈಪು ಹಿಡಿದ. ಗೂಡಿನ ಮೂಲೆಯಿಂದ ಕೆಸರು ಹೆಂಟೆಹೆಂಟೆಯಾಗಿ ಕಳಚಿ ಇಬ್ಬರ ಕಾಲ ಮೇಲೂ ಬಿತ್ತು. ಗಾಲಿ ಕೂರಿಸಿ ನಟ್ಟು ಬಿಗಿದ ಮೇಲೆ, ಒದ್ದೆ ಬ್ರೇಕು ಒಣಗಲೆಂದು ಚಕ್ರವರ್ತಿ ಗಾಡಿಯನ್ನು ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ ತುಳಿದ. ಆರನೆಯ ಸಲವೂ ಸಣ್ಣಗೆ ನರಳಿತು. ಏಳನೆಯದಕ್ಕೆ ಸದ್ದಿಲ್ಲ.

ಹತ್ತೂ ಇಪ್ಪತ್ತಕ್ಕೆ ಗಾಡಿ ಅವಳ ಕಿಟಕಿಯ ಕೆಳಗೆ ಬಂದು ನಿಂತಿತು. ಮೆಟ್ಟಿಲ ಮೇಲೆ ಕಾದಿದ್ದ ನೆಂಟರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಗಾಡಿಯ ಬಾಗಿಲು ತೆರೆದಾಗಲೇ ಎಲ್ಲರೂ ಗಡಬಡಿಸಿ ಎದ್ದದ್ದು.

ಭಾವಮೈದುನ ತೋಳಿನಿಂದ ಕಣ್ಣೊರೆಸಿಕೊಂಡ. ಚಕ್ರವರ್ತಿಯ ಬಾಯಿಂದಲೇ ಪುರಾಣ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದೆಂದುಕೊಂಡನೇನೋ.

“ಅಲ್ಲ ಭಾವ, ಯಾರ ಕಣ್ಣಿಗೂ ಬೀಳದ ಜಾಗ. ಇಷ್ಟು ವರ್ಷ ಅಷ್ಟೊಂದು ತಿಕ್ಕಿದ್ದು ಯಾಕೆ? ಕನಸಾ, ಹರಕೆಯಾ?”

“ತಿಕ್ಕದಿದ್ರೆ ಬ್ರೇಕು ಕೂಗುತ್ತಪ್ಪ, ಅದಕ್ಕೆ.”